ಡಿಪಿಎಫ್ ದೀಪ ಹತ್ತಿದ್ರೆ ಫಿಲ್ಟರಿಗೆ ಕೈ ಹಾಕೂದು ಕೊನೆಗೆ

ಬಿಎಸ್6 ಡೀಸೆಲ್ ಗಾಡಿ ಇಟ್ಕೊಂಡವ್ರಿಗೆ ಒಂದಲ್ಲ ಒಂದು ದಿನ ಮೀಟರಲ್ಲಿ ಆ ಹಳದಿ ದೀಪ ಕಾಣ್ತದೆ, ಒಂದು ಡಬ್ಬಿ ಚಿತ್ರ, ಒಳಗೆ ಚುಕ್ಕೆ ಚುಕ್ಕೆ. ಅದು ಡಿಪಿಎಫಿಂದು, ಅಂದ್ರೆ ಹೊಗೆಯ ಮಸಿ ಹಿಡಿಯೋ ಡೀಸೆಲ್ ಪಾರ್ಟಿಕ್ಯುಲೇಟ್ ಫಿಲ್ಟರಿಂದು. ಗ್ಯಾರೇಜಿಗೆ ಹೋದ್ರೆ ಮೊದ್ಲ ಮಾತೇ "ಫಿಲ್ಟರ್ ಜಾಮ್ ಆಗಿದೆ ಸಾರ್, ಹೊಸದು ಹಾಕ್ಬೇಕು", ಇಲ್ಲಾ "ಕಟ್ ಮಾಡಿ ಖಾಲಿ ಪೈಪ್ ಕೂರಿಸಿಬಿಡುವ, ಮತ್ತೆ ತಲೆಬಿಸಿ ಇಲ್ಲ". ಎರಡಕ್ಕೂ ಹೂಂ ಅನ್ಬೇಡಿ. ಕೆಲವು ಗಾಡಿಗೆ ಹೊಸ ಡಿಪಿಎಫ್ ಅಂದ್ರೆ ಲಕ್ಷದ ಮೇಲೆ ಹೋಗ್ತದೆ, ಅಷ್ಟು ಕೊಟ್ಟು ಹಾಕಿದ್ಮೇಲೂ ಮೂಲ ಕಾರಣ ಹಾಗೇ ಇದ್ರೆ ಹೊಸದೂ ಕಟ್ಕೊಳ್ಳೂದೇ.

ಹಳೇ ಡೀಸೆಲ್ ಗಾಡಿಯಲ್ಲಿ ಇಂಜೆಕ್ಟರ್ ಕೆಟ್ರೂ, ಟರ್ಬೋ ಹೋಸ್ ಹರಿದ್ರೂ ಊರಿಗೇ ಗೊತ್ತಾಗ್ತಿತ್ತು. ದೇವಿಮನೆ ಘಟ್ಟ ಹತ್ತುವಾಗ ಹಿಂದಿನ ಬೈಕಿನವ ಬೈಕೊಂಡೇ ಬರ್ತಿದ್ದ, ಅಷ್ಟು ಕಪ್ಪು ಹೊಗೆ. ಈಗ್ಲೂ ಎಂಜಿನ್ ಕೆಟ್ರೆ ಅದೇ ಹೊಗೆ ಬರ್ತದೆ, ಆದ್ರೆ ಸೈಲೆನ್ಸರ್ ತನಕ ಬರೂದಿಲ್ಲ, ನಡುವೆ ಡಿಪಿಎಫ್ ಹಿಡ್ಕೊಂಡು ಕೂತಿರ್ತದೆ. ಅಂದ್ರೆ ಆ ಹಳದಿ ದೀಪವೇ ಈಗಿನ ಕಪ್ಪು ಹೊಗೆ. ಹೊಗೆ ಬಂತು ಅಂತ ಯಾರಾದ್ರೂ ಸೈಲೆನ್ಸರ್ ಬದಲಾಯಿಸ್ತಿದ್ರಾ? ಇಲ್ಲ ಅಲ್ವಾ. ಹಾಗೇ ಇದೂ.

ಒಳಗೆ ಎಂತ ಆಗ್ತದೆ ಅನ್ನೂದು ಸೊಲ್ಪ ಗೊತ್ತಿದ್ರೆ ಹುಡುಕೂದು ಸುಲಭ. ಡಿಪಿಎಫ್ ಅಂದ್ರೆ ಸೆರಾಮಿಕ್‌ದು, ಕಾರ್ಡಿಯರೈಟ್ ಇಲ್ಲಾ ಸಿಲಿಕಾನ್ ಕಾರ್ಬೈಡ್. ಉದ್ದಕ್ಕೆ ಸಣ್ಣ ಸಣ್ಣ ಓಣಿ ಇರ್ತದೆ, ಒಂದು ಓಣಿ ಮುಂದೆ ತೆರೆದು ಹಿಂದೆ ಮುಚ್ಚಿದ್ದು, ಪಕ್ಕದ್ದು ಅದಕ್ಕೆ ಉಲ್ಟಾ, ಹಾಗಾಗಿ ಹೊಗೆಗೆ ಗೋಡೆಯೊಳಗಿಂದ ನುಸುಳಿ ಹೋಗದೇ ಬೇರೆ ದಾರಿ ಇಲ್ಲ. ಮಸಿ ಗೋಡೆಗೆ ಕೂರ್ತದೆ. ಕೂತ ಮಸಿಯನ್ನು ಗಾಡಿ ತಾನೇ ಸುಡ್ತದೆ, ಇದಕ್ಕೆ ರೀಜನರೇಷನ್ ಅಂತಾರೆ, ಗ್ಯಾರೇಜಲ್ಲಿ ಬರೀ ರೀಜನ್. ಎರಡು ತರ. ಘಟ್ಟ ಹತ್ತುವಾಗ ಅಥವಾ ಹೈವೇಯಲ್ಲಿ ಲೋಡ್ ಮೇಲೆ ಓಡುವಾಗ ಎಕ್ಸಾಸ್ಟ್ 250ರಿಂದ 400 ಡಿಗ್ರಿ ಇದ್ರೆ ಹೊಗೆಯಲ್ಲೇ ಇರೋ ನೈಟ್ರೋಜನ್ ಡೈಆಕ್ಸೈಡ್ ಮಸಿಯನ್ನ ಸದ್ದಿಲ್ಲದೇ ನಿಧಾನಕ್ಕೆ ಸುಟ್ಟು ಹಾಕ್ತದೆ, ನಮಗೆ ಗೊತ್ತೇ ಆಗೂದಿಲ್ಲ. ಅದು ಸಾಲದೇ ಹೋದ್ರೆ ಇಸಿಯು, ಅಂದ್ರೆ ಎಂಜಿನ್ನಿನ ಕಂಪ್ಯೂಟರ್, ತಾನೇ ಕೈ ಹಾಕ್ತದೆ, ಸಿಲಿಂಡರಿಗೆ ತಡವಾಗಿ ಸೊಲ್ಪ ಹೆಚ್ಚು ಡೀಸೆಲ್ ಸಿಡಿಸ್ತದೆ, ಅದು ಫಿಲ್ಟರಿನ ಮುಂದಿರೋ ಆಕ್ಸಿಡೇಷನ್ ಕ್ಯಾಟಲಿಸ್ಟಲ್ಲಿ ಉರಿದು ಬಿಸಿ 550–650 ಡಿಗ್ರಿ ತನಕ ಏರ್ತದೆ, ಹತ್ತರಿಂದ ಇಪ್ಪತ್ತು ನಿಮಿಷದಲ್ಲಿ ಮಸಿ ಖಾಲಿ. ಆಗ ಐಡಲ್ ಸೊಲ್ಪ ಏರಿರ್ತದೆ, ಆನ್‌ಬೋರ್ಡ್ ಮೈಲೇಜ್ ಬಿದ್ದಿರ್ತದೆ, ಸ್ಟಾರ್ಟ್-ಸ್ಟಾಪ್ ಕೆಲಸ ಮಾಡೂದಿಲ್ಲ, ಗಾಡಿ ನಿಲ್ಸಿದ್ರೂ ರೇಡಿಯೇಟರ್ ಫ್ಯಾನ್ ಜೋರಾಗಿ ಓಡ್ತಾ ಇರ್ತದೆ, ಸುಟ್ಟ ವಾಸನೆ ಬರ್ತದೆ. ಇದು ಕಂಪ್ಲೇಂಟ್ ಅಲ್ಲ. ಆ ಹೊತ್ತಲ್ಲಿ ಗಾಡಿ ಬಂದ್ ಮಾಡೂದು ಮಾತ್ರ ಕಂಪ್ಲೇಂಟಿಗೆ ದಾರಿ. ಹಾಗೇ ಅಂಥಾ ಬಿಸಿ ಗಾಡಿಯನ್ನ ಒಣ ಕರಡದ ಮೇಲೆ, ದರಕಿನ ರಾಶಿ ಮೇಲೆ ನಿಲ್ಸಬೇಡಿ, ಬೇಸಿಗೆಯಲ್ಲಂತೂ ಬೇಡವೇ ಬೇಡ.

ಈಗ ಹುಡುಕೂದು. ಮೊದ್ಲು ದೀಪ ಯಾವ್ದು ಅಂತ ಸರಿಯಾಗಿ ನೋಡಿ. ಕೆಲವು ಗಾಡಿಯಲ್ಲಿ ಯೂರಿಯಾ ದ್ರವದ ಟ್ಯಾಂಕ್ ಬೇರೆ ಇರ್ತದೆ, ಡಿಇಎಫ್ ಅಂತಾರಲ್ಲ, ಅದು ಖಾಲಿಯಾದ ದೀಪಕ್ಕೂ ಇದಕ್ಕೂ ಸಂಬಂಧ ಇಲ್ಲ. (ಮತ್ತೆ ತೋಟಕ್ಕೆ ತಂದ ಯೂರಿಯಾ ನೀರಿಗೆ ಕಲಸಿ ಹಾಕೋ ಐಡಿಯಾ ಯಾರಿಗಾದ್ರೂ ಬಂದಿದ್ರೆ ಅಲ್ಲೇ ಬಿಡಿ. ಅದು ಶುದ್ಧ ನೀರಲ್ಲಿ 32.5 ಪರ್ಸೆಂಟ್ ಶುದ್ಧ ಯೂರಿಯಾ, ಗೊಬ್ಬರದ ಚೀಲದ್ದು ಹಾಕಿದ್ರೆ ಇಡೀ ಸಿಸ್ಟಮ್ ಹೋಗ್ತದೆ.) ಡಿಪಿಎಫ್ ದೀಪ ಒಂದೇ ಹತ್ತಿ ಸುಮ್ನೆ ಉರೀತಿದ್ರೆ, ಪಿಕಪ್ ಮೊದಲಿನ ಹಾಗೇ ಇದ್ರೆ, ಗಾಡಿ ಕೇಳ್ತಾ ಇರೂದು ಒಂದು ಒಳ್ಳೆ ಓಟ ಅಷ್ಟೇ. ದೀಪ ಮಿಟುಕ್ತಾ ಇದ್ರೆ, ಜೊತೆಗೆ ಚೆಕ್ ಎಂಜಿನ್ ದೀಪವೂ ಬಂದು ಗಾಡಿ ಎಳೀತಾ ಇಲ್ಲ ಅಂದ್ರೆ ಅದು ಲಿಂಪ್ ಮೋಡ್, ಎಂಜಿನ್ ಹಾಳಾಗದ ಹಾಗೆ ಗಾಡಿ ತಾನೇ ಶಕ್ತಿ ಕಮ್ಮಿ ಮಾಡ್ಕೊಂಡಿದೆ, ಆಗ ಓಟದಿಂದ ಸರಿಯಾಗೂದಿಲ್ಲ, ಮುಂದಿನದ್ದು ಓದಿ. ಮಿಟುಕೂದಕ್ಕೆ ಅರ್ಥ ಒಂದೊಂದು ಕಂಪನಿಯಲ್ಲಿ ಒಂದೊಂದು, ಗ್ಲೋವ್ ಬಾಕ್ಸಲ್ಲಿ ಬಿದ್ದಿರೋ ಮ್ಯಾನ್ಯುಯಲ್ ಒಮ್ಮೆ ತೆಗೀರಿ.

ಓಟ ಅಂದ್ರೆ ಎಲ್ಲಿ? ಕಾರವಾರದವ್ರಿಗೆ ಕಷ್ಟ ಇಲ್ಲ, ಹೆದ್ದಾರಿ 66 ಹಿಡಿದು ಅಂಕೋಲಾ ತನಕ ಹೋಗಿ ಬಂದ್ರೆ ಸಾಕು, 60–80ರ ಸ್ಪೀಡು, ಒಂದು ಗೇರ್ ಕಮ್ಮಿ ಇಟ್ಟು ಆರ್‌ಪಿಎಂ 2000ದ ಮೇಲೆ ಇರೋ ಹಾಗೆ, ನಿಲ್ಸದೇ ಇಪ್ಪತ್ತು ನಿಮಿಷ. ಶಿರಸಿಯವ್ರಿಗೆ ಹಾವೇರಿ ರೋಡ್ ಇಲ್ಲಾ ಹುಬ್ಬಳ್ಳಿ ರೋಡ್ ವಾಸಿ. ಕುಮಟಾಕ್ಕೆ ಘಟ್ಟ ಇಳೀತೇನೆ, ರೀಜನ್ ಆಗ್ತದೆ ಅಂದ್ಕೊಂಡ್ರೆ ಆಗೂದಿಲ್ಲ ಮಾರಾಯ್ರೆ, ಇಳಿಜಾರಲ್ಲಿ ಆಕ್ಸಿಲರೇಟರಿಂದ ಕಾಲು ತೆಗೆದಾಗ ಡೀಸೆಲ್ಲೇ ಕಟ್ ಆಗ್ತದೆ, ಎಕ್ಸಾಸ್ಟ್ ತಣ್ಣಗಾಗ್ತದೆ, ಶುರುವಾಗಿದ್ದ ರೀಜನ್ನೂ ಅರ್ಧಕ್ಕೇ ನಿಲ್ಲಬಹುದು. ಅದೇ ಘಟ್ಟ ವಾಪಸ್ ಹತ್ತುವಾಗ ಚೊಲೋ ಬಿಸಿ ಸಿಗ್ತದೆ. ಟ್ಯಾಂಕಲ್ಲಿ ಡೀಸೆಲ್ ರಿಸರ್ವಿಗೆ ಬಂದಿದ್ರೆ ತುಂಬಾ ಗಾಡಿಗಳು ರೀಜನ್ ಶುರುವೇ ಮಾಡೂದಿಲ್ಲ, ಅದಕ್ಕೇ ಹೊರಡೋ ಮೊದ್ಲು ಹಾಕ್ಸಿ. ಬೋಟಿನ ಬ್ಯಾರೆಲಲ್ಲಿ ಉಳಿದದ್ದು ಹಾಕೂದು ಬೇಡ, ಪಂಪಿನ ಬಿಎಸ್6 ಡೀಸೆಲಲ್ಲಿ ಗಂಧಕ 10 ಪಿಪಿಎಂ ಒಳಗೆ, ಬ್ಯಾರೆಲಲ್ಲಿ ನೀರು ಎಷ್ಟು, ತುಕ್ಕು ಎಷ್ಟು ಅಂತ ದೇವ್ರೇ ಬಲ್ಲ.

ಮಳೆಗಾಲದಲ್ಲಿ ಈ ದೀಪದ ಕಾಟ ಜಾಸ್ತಿ. ಕಾರಣ ನೆಟ್ಟಗೆ ಇದೆ, ಓಟ ಕಮ್ಮಿ. ಕೋಡಿಬಾಗದಿಂದ ಮಾರ್ಕೆಟ್ಟು, ಮಾರ್ಕೆಟ್ಟಿಂದ ಮಕ್ಕಳ ಶಾಲೆ, ಅಲ್ಲಿಂದ ಮನೆ, ಎಂಜಿನ್ ಬಿಸಿ ಆಗೋದ್ರೊಳಗೆ ಬಂದ್. ಗುಡ್ಡ ಕುಸಿದು ಹೆದ್ದಾರಿಯೇ ಬಂದ್ ಆದ್ರಂತೂ, 2024ರ ಜುಲೈಯಲ್ಲಿ ಶಿರೂರಲ್ಲಿ ಆದ ಹಾಗೆ, ದೂರ ಹೋಗೋ ಮಾತೇ ಇಲ್ಲ. ನಿಮ್ಮ ಓಡಾಟ ವರ್ಷವಿಡೀ ಇಷ್ಟೇ ಆದ್ರೆ ನನ್ನ ಅಭಿಪ್ರಾಯ ಕೇಳಿದ್ರೆ ನಿಮಗೆ ಡೀಸೆಲ್ಲೇ ಬೇಡಾಗಿತ್ತು, ಆದ್ರೆ ತಗೊಂಡಾಗಿದೆ, ವಾರ ಹತ್ತು ದಿನಕ್ಕೊಮ್ಮೆ ಒಂದು ಉದ್ದ ಓಟ ಕೊಡಿ.

ಓಟ ಕೊಟ್ಟ ಮೇಲೂ ದೀಪ ಹೋಗ್ಲಿಲ್ಲ, ಅಥವಾ ಹೋಗಿ ನಾಲ್ಕು ದಿನಕ್ಕೇ ಮತ್ತೆ ಬಂತು ಅಂದ್ರೆ ಸ್ಕ್ಯಾನರ್ ಹಾಕ್ಬೇಕು. ಗಾಡಿಗೆ ಸಿಕ್ಕಿಸಿ ಫೋನಲ್ಲೇ ದೋಷದ ಕೋಡ್ ಓದೋ ಬ್ಲೂಟೂತ್ ಓಬಿಡಿ ಅಡಾಪ್ಟರ್ ಅಗ್ಗಕ್ಕೆ ಸಿಗ್ತದೆ, ನಿಮ್ಮ ಕಂಪನಿ ಗಾಡಿಯ ಡಿಪಿಎಫ್ ಡೇಟಾ ತೋರಿಸೋ ಆಪ್ ಇದ್ರೆ ಇನ್ನೂ ಒಳ್ಳೇದು. ಕೋಡ್ ಬರೆದಿಟ್ಕೊಳ್ಳಿ, ಮೊದ್ಲೇ ಅಳಿಸಬೇಡಿ. ಪಿ2463 ಅಂದ್ರೆ ಮಸಿ ಜಾಸ್ತಿ ಆಗಿದೆ. ಪಿ242ಎಫ್ ಅಂದ್ರೆ ಬೂದಿ ಜಾಸ್ತಿ. ಪಿ2002 ಅಂದ್ರೆ ಫಿಲ್ಟರ್ ಸರಿಯಾಗಿ ಹಿಡೀತಾ ಇಲ್ಲ ಅಂತ ಇಸಿಯುಗೆ ಅನುಮಾನ. ಪಿ2452, ಪಿ2453 ಪ್ರೆಶರ್ ಸೆನ್ಸರಿಂದು. ಇವುಗಳ ಜೊತೆ ಪಿ0401 ಇದ್ರೆ ಇಜಿಆರ್ (ಸೊಲ್ಪ ಹೊಗೆಯನ್ನ ವಾಪಸ್ ಎಂಜಿನ್ನಿಗೇ ಕಳ್ಸೋ ವ್ಯವಸ್ಥೆ), ಪಿ0299 ಇದ್ರೆ ಟರ್ಬೋ ಬೂಸ್ಟ್ ಕಮ್ಮಿ, ಪಿ0128 ಇದ್ರೆ ಎಂಜಿನ್ ಬೇಕಾದಷ್ಟು ಬಿಸಿ ಆಗ್ತಾ ಇಲ್ಲ. ಹೀಗೆ ಜೊತೆ ಕೋಡ್ ಇದ್ರೆ ಮೊದ್ಲು ಅದನ್ನ ಸರಿ ಮಾಡಿ, ಎಷ್ಟೋ ಗಾಡಿಯಲ್ಲಿ ಬೇರೆ ಕೋಡ್ ಇರೋವರೆಗೆ ಇಸಿಯು ರೀಜನ್ನಿಗೆ ಒಪ್ಪೂದೇ ಇಲ್ಲ. ಬ್ಯಾಟರಿ ವೈರ್ ತೆಗೆದು ಹಾಕಿದ್ರೆ ದೀಪ ಹೋಗಬಹುದು, ಮಸಿ ಹೋಗೂದಿಲ್ಲ.

ಇನ್ನು ಪ್ರೆಶರ್ ಸೆನ್ಸರ್. ಇದರ ಬಗ್ಗೆ ಉದ್ದ ಬರೀತೇನೆ, ಯಾಕಂದ್ರೆ ನಮ್ಮ ಕಡೆ ಹಾದಿ ತಪ್ಪಿಸೂದು ಹೆಚ್ಚಾಗಿ ಇದೇ. ಫಿಲ್ಟರಿನ ಮುಂದೆ ಒಂದು ಸಣ್ಣ ಪೈಪ್, ಹಿಂದೆ ಒಂದು, ಎರಡೂ ರಬ್ಬರ್ ಹೋಸಲ್ಲಿ ಮೇಲೆ ಬಂದು ಒಂದು ಸೆನ್ಸರಿಗೆ ಸೇರ್ತವೆ. ಮುಂದಿನ ಒತ್ತಡ, ಹಿಂದಿನ ಒತ್ತಡ, ಅವೆರಡರ ವ್ಯತ್ಯಾಸ ನೋಡಿ ಫಿಲ್ಟರ್ ಎಷ್ಟು ತುಂಬಿದೆ ಅಂತ ಇಸಿಯು ಅಂದಾಜು ಮಾಡ್ತದೆ. ಅಂದ್ರೆ ಇಡೀ ಲೆಕ್ಕ ಎರಡು ತುಂಡು ಹೋಸಿನ ಮೇಲೆ ನಿಂತಿದೆ.

ಪರೀಕ್ಷೆ ಹೀಗೆ. ಕೀ ಆನ್, ಎಂಜಿನ್ ಆಫ್: ಸೆನ್ಸರ್ ಸೊನ್ನೆ ತೋರಿಸ್ಬೇಕು, ಆಚೀಚೆ ಒಂಚೂರು ಇದ್ರೆ ಪರ್ವಾಗಿಲ್ಲ. ಎಂಜಿನ್ ಬಂದ್ ಇದ್ದಾಗ್ಲೇ ಒತ್ತಡ ತೋರಿಸ್ತಾ ಇದ್ರೆ ಸೆನ್ಸರ್ ಸುಳ್ಳು ಹೇಳ್ತಾ ಇದೆ, ಮುಂದೆ ಹೋಗೂದೇ ಬೇಡ. ಎಂಜಿನ್ ಬಿಸಿ ಮಾಡಿ ಐಡಲಲ್ಲಿ ನೋಡಿದ್ರೆ ಚೊಕ್ಕ ಫಿಲ್ಟರಿಗೆ ಒಂದು ಕಿಲೋಪಾಸ್ಕಲಿನ ಆಚೀಚೆ, ಅಂದ್ರೆ ಹತ್ತು ಮಿಲಿಬಾರ್ ಅಷ್ಟೇ ಇರ್ತದೆ, ರೇಸ್ ಮಾಡಿದ್ರೆ ಏರ್ಬೇಕು, ಬಿಟ್ರೆ ಇಳೀಬೇಕು. ಐಡಲಲ್ಲೇ ಅದರ ಎಷ್ಟೋ ಪಟ್ಟು ತೋರಿಸಿ ರೇಸಿಗೆ ಸರ್ರ್ ಅಂತ ಏರಿದ್ರೆ ಫಿಲ್ಟರ್ ನಿಜಕ್ಕೂ ತುಂಬಿದೆ. ರೇಸ್ ಮಾಡಿದ್ರೂ ಅಲ್ಲಾಡ್ತಾನೇ ಇಲ್ಲ ಅಂದ್ರೆ ಹೋಸ್ ನೋಡಿ. ರೀಡಿಂಗ್ ಮೈನಸಲ್ಲಿ ಹೋದ್ರೆ ಯಾರೋ ಹೋಸ್ ಅದಲು ಬದಲು ಹಾಕಿದ್ದಾರೆ.

ಶಿರಸಿ ಕಡೆ ನಮ್ಮ ಭಾವನ ಗಾಡಿಗೆ ಪಿ2002 ಬಂದಿತ್ತು. ಗ್ಯಾರೇಜಲ್ಲಿ "ಫಿಲ್ಟರ್ ಒಳಗೆ ಒಡೆದಿದೆ" ಅಂದಿದ್ರಂತೆ. ಸ್ಕ್ಯಾನರ್ ಹಾಕಿ ರೇಸ್ ಮಾಡಿದ್ರೆ ಒತ್ತಡ ಕದಲೂದೇ ಇಲ್ಲ. ಬೆರಳು ಹಾಕಿ ಸೈಲೆನ್ಸರಿನ ತುದಿ ಒಳಗೆ ಒರೆಸಿ ನೋಡಿದ್ರೆ ಬೆರಳು ಚೊಕ್ಕ, ಬರೀ ಧೂಳು. ಫಿಲ್ಟರ್ ಒಡೆದಿದ್ರೆ ಬೆರಳು ಕಪ್ಪಾಗ್ಬೇಕಿತ್ತು. ಬಾನೆಟ್ ಎತ್ತಿ ಮುಂದಿನ ಹೋಸ್ ಹಿಡಿದು ಮೇಲಿಂದ ನೋಡಿದ್ರೆ ಎಲ್ಲಾ ಸರಿ, ಕೆಳಗಿನ ಮೈ ತಿರುಗಿಸಿ ಬಗ್ಗಿಸಿದಾಗ ಕ್ಲಿಪ್ಪಿಂದ ಒಂದು ಬೆರಳು ಆಚೆ ಸಣ್ಣ ಸಣ್ಣ ಹಲ್ಲಿನ ಗುರುತು, ನಡುವೆ ತೂತು, ತೂತಿನ ಸುತ್ತ ಮಸಿ ಹಾರಿ ಕಪ್ಪು ವೃತ್ತ.

"ಭಾವ, ಇದು ಇಲಿ ಕೆಲ್ಸ."

"ಇಲಿಯಾ? ಅವ ಲಕ್ಷದ ಮೇಲೆ ಹೇಳಿದ್ನಲ್ಲೋ ಮಾರಾಯಾ!"

ಅಡಿಕೆ ಚಪ್ಪರದ ಕೆಳಗೆ, ಕೊಟ್ಟಿಗೆ ಪಕ್ಕ ಗಾಡಿ ನಿಲ್ಸೋರಿಗೆ ಇದು ಹೊಸ ಸುದ್ದಿ ಅಲ್ಲ. ಹೋಸ್ ಬದಲಾಯಿಸುವಾಗ ಬಿಸಿ ತಡೆಯೋ ಅದೇ ಅಳತೆದ್ದೇ ಹಾಕಿ, ತೋಟದ ಡ್ರಿಪ್ ಪೈಪ್ ತುಂಡು ಕೂರಿಸಿದ ಗಾಡಿಯನ್ನೂ ನೋಡಿದ್ದೇನೆ, ಕರಗಿ ಅಂಟಾಗಿತ್ತು. ಹೋಸ್ ಎಲ್ಲೂ ಜೋತು ಬೀಳದ ಹಾಗೆ ಸೆನ್ಸರಿಂದ ಕೆಳಮುಖವಾಗಿ ಇಳೀಬೇಕು, ಜೋತು ಬಿದ್ದ ಜಾಗದಲ್ಲಿ ನೀರು ನಿಂತು ಮಸಿ ಜೊತೆ ಸೇರಿ ಕಟ್ಕೊಳ್ತದೆ. ಕೆಳಗಿನ ಸ್ಟೀಲ್ ಪೈಪೂ ಹಾಗೇ ಕಟ್ಟಿರಬಹುದು, ಸಪೂರ ತಂತಿ ಹಾಕಿ ಬಿಡಿಸಬಹುದು. ಕಂಪ್ರೆಸರ್ ಗಾಳಿ ಹೊಡೀಬೇಕಾದ್ರೆ ಸೆನ್ಸರ್ ಕಡೆ ಹೋಸ್ ಬಿಚ್ಚಿದ ಮೇಲೆಯೇ, ಇಲ್ಲಾಂದ್ರೆ ಒಳಗಿನ ಪರದೆ ಹರೀತದೆ.

ಕರಾವಳಿ ಕಡೆ ಇಲಿಗಿಂತ ಉಪ್ಪು ಗಾಳಿ ಕೆಟ್ಟದ್ದು. ಬೈತಖೋಲ ಬಂದರ ಕಡೆ ದಿನಾ ಗಾಡಿ ನಿಲ್ಸೋರು ಸೆನ್ಸರ್ ಕನೆಕ್ಟರ್ ಬಿಚ್ಚಿ ಒಳಗೆ ನೋಡಿ, ಪಿನ್ ಮೇಲೆ ಹಸಿರು ಪುಡಿ ಕೂತಿದ್ರೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಒಣಗಿಸಿ, ಸೀಲ್ ರಬ್ಬರ್ ಸರಿ ಇದ್ಯಾ ನೋಡಿ ಹಾಕಿ. ಓಡುವಾಗ ಮಾತ್ರ ಬಂದು ಹೋಗೋ ಕೋಡ್ ಇದ್ರೆ ಅರ್ಧ ಸಲ ಇಲ್ಲೇ ಇರ್ತದೆ.

ಟೆಂಪರೇಚರ್ ಸೆನ್ಸರ್ ನೋಡೋಕೆ ಬೆಳಿಗ್ಗೆ ಒಳ್ಳೇದು. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಕೀ ಆನ್ ಮಾಡಿದ್ರೆ ಕೂಲೆಂಟ್, ಹೊರಗಿನ ಗಾಳಿ, ಎಕ್ಸಾಸ್ಟಿನ ಸೆನ್ಸರ್‌ಗಳು ಎಲ್ಲಾ ಹೆಚ್ಚುಕಮ್ಮಿ ಒಂದೇ ತೋರಿಸ್ಬೇಕು. ಉಳಿದದ್ದೆಲ್ಲ 26–27 ಇದ್ದು ಒಂದು ಮಾತ್ರ 90 ಅಥವಾ ಮೈನಸ್ 40 ಅಂದ್ರೆ ಕಳ್ಳ ಸಿಕ್ಕಿದ. ಆಮೇಲೆ ಗಾಡಿ ಓಡಿಸಿ ಕೂಲೆಂಟ್ ನೋಡಿ, ಹೈವೇಯಲ್ಲಿ ಅರ್ಧ ಗಂಟೆ ಓಡಿದ್ರೂ 65–70 ದಾಟೂದಿಲ್ಲ ಅಂದ್ರೆ ಥರ್ಮೋಸ್ಟಾಟ್ ತೆರೆದೇ ಕೂತಿದೆ, ಎಂಜಿನ್ ಬಿಸಿ ಆಗಿಲ್ಲ ಅಂತ ರೀಜನ್ ಶುರುವಾಗೂದಿಲ್ಲ. ಡಿಪಿಎಫಿನ ಬೆಲೆ ಮುಂದೆ ಥರ್ಮೋಸ್ಟಾಟ್ ಬೆಲೆ ಏನೂ ಅಲ್ಲ.

ಸೆನ್ಸರ್ ಎಲ್ಲಾ ಸರಿ, ರೀಜನ್ನೂ ಆಗ್ತಾ ಇದೆ, ಆದ್ರೆ ಪದೇ ಪದೇ ಆಗ್ತಾ ಇದೆ ಅಂದ್ರೆ? ಆಪಲ್ಲಿ ಹಿಂದಿನ ರೀಜನ್ ಆಗಿ ಎಷ್ಟು ಕಿಲೋಮೀಟರ್ ಅಂತ ತೋರಿಸ್ತದೆ. ಸಾಮಾನ್ಯಕ್ಕೆ ಕೆಲವು ನೂರು ಕಿಲೋಮೀಟರಿಗೊಮ್ಮೆ, ನಿಮ್ಮದು ನೂರೂ ದಾಟ್ತಾ ಇಲ್ಲ ಅಂದ್ರೆ ಎಂಜಿನ್ ಮಸಿ ಜಾಸ್ತಿ ಮಾಡ್ತಾ ಇದೆ. ಇಲ್ಲಿ ಹಳೇ ಮೆಕ್ಯಾನಿಕ್ ಬುದ್ಧಿಯೇ ಬೇಕು. ಏರ್ ಫಿಲ್ಟರ್ ತೆಗೆದು ನೋಡಿ, ಕೆಂಪು ಮಣ್ಣಿನ ರೋಡಲ್ಲಿ ಓಡೋ ಗಾಡಿಗೆ ಕಂಪನಿ ಹೇಳಿದ ಕಿಲೋಮೀಟರ್ ತನಕ ಕಾಯೂದು ಸುಳ್ಳು. ಇಂಟರ್‌ಕೂಲರ್ ಹೋಸ್ ಜಾಯಿಂಟಲ್ಲಿ ಆಯಿಲ್ ಪಸೆ ಇದ್ಯಾ, ಅರಬೈಲ್ ಘಟ್ಟದಲ್ಲಿ ಲೋಡ್ ಕೊಟ್ಟಾಗ ಸುಸ್ಸ್ ಅಂತ ಗಾಳಿ ಸೋರೋ ಸದ್ದು ಬರ್ತದಾ ಕೇಳಿ. ಅಲ್ಲಿ ಗಾಳಿ ಸೋರಿದ್ರೆ ಎಂಜಿನ್ನಿಗೆ ಗಾಳಿ ಕಮ್ಮಿ, ಡೀಸೆಲ್ ಜಾಸ್ತಿ, ಹೊಗೆ ಕಪ್ಪು. ಇಜಿಆರ್ ವಾಲ್ವ್ ಮಸಿ ಹಿಡಿದು ತೆರೆದೇ ಸಿಕ್ಕಿ ಬಿದ್ರೂ ಹೀಗೇ. ಅದೂ ಇಲ್ಲಾಂದ್ರೆ ಇಂಜೆಕ್ಟರ್, ಸ್ಕ್ಯಾನರಲ್ಲಿ ಒಂದೊಂದು ಸಿಲಿಂಡರಿನ ಕರೆಕ್ಷನ್ ವ್ಯಾಲ್ಯೂ ನೋಡಿದ್ರೆ ಯಾವ್ದು ಹಾದಿ ತಪ್ಪಿದೆ ಗೊತ್ತಾಗ್ತದೆ, ಅನುಮಾನ ಇದ್ರೆ ಇಂಜೆಕ್ಟರಿಂದ ವಾಪಸ್ ಹೋಗೋ ಡೀಸೆಲ್ ಎಷ್ಟು ಅಂತ ಅಳೆಸಿ. ಟರ್ಬೋ ಸೀಲ್ ಹೋಗಿ ಎಂಜಿನ್ ಆಯಿಲ್ ಸುಡ್ತಾ ಇದ್ರೂ ಫಿಲ್ಟರ್ ತುಂಬ್ತದೆ.

ಆಯಿಲ್ ಅಂದ ಕೂಡ್ಲೇ ಡಿಪ್‌ಸ್ಟಿಕ್ ಎಳೀರಿ. ಕಮ್ಮಿ ಆಗಿದ್ಯಾ ಅಂತ ಎಲ್ರೂ ನೋಡ್ತಾರೆ, ಡಿಪಿಎಫ್ ಗಾಡಿಯಲ್ಲಿ ಜಾಸ್ತಿ ಆಗಿದ್ಯಾ ಅಂತ ನೋಡ್ಬೇಕು. ರೀಜನ್ ಪದೇ ಪದೇ ಅರ್ಧಕ್ಕೆ ನಿಂತ್ರೆ ತಡವಾಗಿ ಸಿಡಿಸಿದ ಡೀಸೆಲ್ ಸಿಲಿಂಡರ್ ಗೋಡೆ ಹಿಡಿದು ಕೆಳಗಿಳಿದು ಆಯಿಲಿಗೆ ಸೇರ್ತದೆ. ಲೆವೆಲ್ ಮ್ಯಾಕ್ಸಿಗಿಂತ ಮೇಲೆ, ಮೂಸಿದ್ರೆ ಡೀಸೆಲ್ ವಾಸನೆ, ಬೆರಳಲ್ಲಿ ತೀಡಿದ್ರೆ ನೀರು ನೀರು, ಹೀಗಿದ್ರೆ ಅದೇ ದಿನ ಆಯಿಲ್ ಬದಲಾಯಿಸಿ, ಮತ್ತೆ ಮುಂದಿನ ಕೆಲಸ. ತೆಳು ಆಯಿಲಲ್ಲಿ ಬೇರಿಂಗ್ ತಿಂತದೆ, ಲೆವೆಲ್ ವಿಪರೀತ ಏರಿದ್ರೆ ಎಂಜಿನ್ ಆ ಆಯಿಲನ್ನೇ ಎಳ್ಕೊಂಡು ಕೀ ತೆಗೆದ್ರೂ ನಿಲ್ಲದೇ ಓಡೋ ಅಪಾಯ ಉಂಟು. ಹೊಸದು ಹಾಕುವಾಗ ಪವರ್ ಟಿಲ್ಲರಿಗೆ ತಂದಿಟ್ಟ ಡಬ್ಬಿ ಬಗ್ಗಿಸಬೇಡಿ. ಡಿಪಿಎಫ್ ಗಾಡಿಗೆ ಲೋ ಸ್ಯಾಪ್ಸ್, ಅಂದ್ರೆ ಸುಟ್ಟಾಗ ಬೂದಿ ಕಮ್ಮಿ ಬಿಡೋ ಆಯಿಲ್ಲೇ ಬೇಕು, ಡಬ್ಬಿ ಮೇಲೆ ಎಸಿಇಎ ಸಿ2, ಸಿ3 ಅಂತ ಇರ್ತದಲ್ಲ, ಯಾವ್ದು ಅಂತ ಮ್ಯಾನ್ಯುಯಲ್ ಹೇಳ್ತದೆ.

ಯಾಕೆ ಅಂದ್ರೆ ಬೂದಿ. ಆಯಿಲಿಗೆ ಸೇರಿಸಿದ ಕ್ಯಾಲ್ಸಿಯಂ, ಜಿಂಕ್ ಇಂಥದ್ದೆಲ್ಲ ಸುಟ್ಟು ಬೂದಿಯಾಗಿ ಫಿಲ್ಟರಲ್ಲಿ ಕೂರ್ತದೆ. ಮಸಿ ಸುಡ್ತದೆ, ಬೂದಿ ಸುಡೂದಿಲ್ಲ. ರೀಜನ್ ಮುಗಿದ ಕೂಡ್ಲೇ ಒತ್ತಡ ನೋಡಿ, ಮಸಿ ಖಾಲಿ ಆದ್ಮೇಲೂ ಒತ್ತಡ ಇಳೀದೇ ಇದ್ರೆ, ಗಾಡಿಯೂ ಲಕ್ಷ ಕಿಲೋಮೀಟರಿನ ಮೇಲೆ ಓಡಿದ್ರೆ, ಅದು ಬೂದಿ. ಆಗ ಮಾತ್ರ ಫಿಲ್ಟರಿಗೆ ಕೈ ಹಾಕೂದು ನ್ಯಾಯ. ಕಳಚಿ, ಸರಿಯಾದ ಮಿಷನ್ ಇರೋ ಕಡೆ ಉಲ್ಟಾ ದಿಕ್ಕಲ್ಲಿ ತೊಳೆಸಿ, ಮೊದ್ಲೂ ನಂತರವೂ ಗಾಳಿ ಹರಿವು ಅಳೆದ ರೀಡಿಂಗ್ ಕೇಳಿ. ವಾಟರ್ ಸರ್ವಿಸಿನ ಪ್ರೆಶರ್ ಗನ್ ಹಿಡಿದು ಹೊಡೆದ್ರೆ, ಆಸಿಡ್ ಹೊಯ್ದ್ರೆ ಒಳಗಿನ ಸೆರಾಮಿಕ್, ಅದರ ಮೇಲಿನ ಲೇಪ ಎರಡೂ ಹೋಗ್ತದೆ.

ಗ್ಯಾರೇಜಲ್ಲಿ ಸ್ಕ್ಯಾನರಿಂದ ಮಾಡ್ಸೋ ಫೋರ್ಸ್ಡ್ ರೀಜನ್ ಬಗ್ಗೆ ಎರಡು ಮಾತು. ಕಾರಣ ಸರಿ ಮಾಡಿದ ಮೇಲೆ ಮಾಡ್ಸಿ, ಮೊದಲು ಅಲ್ಲ. ಆಯಿಲ್ ಲೆವೆಲ್ ನೋಡದೇ ಶುರು ಮಾಡೋಕೆ ಬಿಡಬೇಡಿ, ಗಾಡಿ ಬಯಲಲ್ಲಿ ಇರ್ಲಿ, ಶೆಡ್ ಒಳಗೆ ಬೇಡ. ಮಸಿ ಒಂದು ಮಿತಿ ಮೀರಿದ್ರೆ ಸ್ಕ್ಯಾನರ್ರೇ ಬೇಡ ಅನ್ನುತ್ತದೆ, ಅದು ಸುಮ್ನೆ ಅಲ್ಲ, ಅಷ್ಟೂ ಮಸಿ ಒಟ್ಟಿಗೆ ಹೊತ್ತಿದ್ರೆ ಬಿಸಿ ತಡೀಲಾರದೇ ಸೆರಾಮಿಕ್ ಬಿರೀತದೆ. ಆ ತಡೆ ದಾಟ್ಸಿ ಮಾಡಿಕೊಡ್ತೇನೆ ಅಂದವ್ರ ಕೈಗೆ ಗಾಡಿ ಕೊಡಬೇಡಿ.

ಕಟ್ ಮಾಡ್ಸೂದು ಕಾನೂನಿಗೆ ವಿರುದ್ಧ, ಅದು ಒಂದು. ಇನ್ನೊಂದು, ಸಾಫ್ಟ್‌ವೇರ್ ತಿದ್ದಿದ ಮೇಲೆ ಇಂಜೆಕ್ಟರ್ ಹಾಳಾದ್ರೂ ಟರ್ಬೋ ಸೋರಿದ್ರೂ ಗಾಡಿ ನಿಮಗೆ ಏನೂ ಹೇಳೂದಿಲ್ಲ. ಸೆಕೆಂಡ್ ಹ್ಯಾಂಡ್ ಬಿಎಸ್6 ಡೀಸೆಲ್ ತಗೊಳ್ಳೋರು ಸೈಲೆನ್ಸರ್ ಒಳಗೆ ಬಿಳಿ ಬಟ್ಟೆ ಹಾಕಿ ಒರೆಸಿ ನೋಡ್ಲೇಬೇಕು. ಮಸಿ ಬಂದ್ರೆ ಫಿಲ್ಟರ್ ಒಡೆದಿದೆ, ಇಲ್ಲಾ ಅದನ್ನ ತೆಗೆದೇ ಹಾಕಿದ್ದಾರೆ.

ಇಷ್ಟೆಲ್ಲ ನೋಡಿಯೂ ಹೊಸ ಫಿಲ್ಟರ್ರೇ ಬೇಕು ಅಂತಾದ್ರೆ ಹಾಕ್ಸಿ, ಎಂತ ಮಾಡೂದು. ಆದ್ರೆ ದುಡ್ಡು ಕೊಡೋ ಮೊದ್ಲು ಸ್ಕ್ಯಾನರಲ್ಲಿ ಬೂದಿ ಲೆಕ್ಕ ಸೊನ್ನೆಗೆ ತಂದಿದ್ದಾರಾ, ಪ್ರೆಶರ್ ಸೆನ್ಸರಿಗೆ ಸೊನ್ನೆ ಕಲಿಸಿದ್ದಾರಾ ಅಂತ ಎದುರಿಗೇ ನಿಂತು ನೋಡಿ, ಇದನ್ನ ಮರೆತ್ರೆ ಇಸಿಯು ಹೊಸ ಫಿಲ್ಟರನ್ನೂ ಹಳೇದು ಅಂತಲೇ ಎಣಿಸಿ ಬೇಗ ಬೇಗ ರೀಜನ್ ಮಾಡ್ತದೆ. ತೊಳೆಸಿ ವಾಪಸ್ ಹಾಕಿದ್ರೂ ಇದೇ ಮಾತು.